ಭಾವ ಕಲಿಸಿದ ಜಡೆ

ನಲವತ್ತಾರು ತುಂಬಿದ ಹೆಂಗಸನ್ನು ಪುಟ್ಟಿ ಎಂದು ಕರೆಯುವುದನ್ನು ಕೇಳಿ ಹೊಸಬರಿಗೆ ನಗು ಬರುತ್ತಿತ್ತು. ಆದರೆ ನೂಲಿನ ಕಾರ್ಖಾನೆಯ ಗೇಟು ಕಾಯುವವನಿಂದ ಹಿಡಿದು ಮೇಲಿನ ಕಚೇರಿಯ ಗುಮಾಸ್ತೆಯವರೆಗೆ ಎಲ್ಲರಿಗೂ ಅವಳು ಪುಟ್ಟಿಯೇ. ಕೆಲಸಕ್ಕೆ ಸೇರಿದ ಮೊದಲ ದಿನ ಅವಳು ಮರೆತುಬಂದಿದ್ದ ಊಟದ ಡಬ್ಬಿ ಹಿಡಿದುಕೊಂಡು ಅಕ್ಕ ಗೇಟಿನ ಹೊರಗೆ ನಿಂತು "ಪುಟ್ಟೀ, ಏ ಪುಟ್ಟೀ" ಎಂದು ಕೂಗಿದ್ದಳು. ಇಪ್ಪತ್ತೆರಡು ವರ್ಷವಾದರೂ ಆ ಕೂಗು ಅವಳ ಬೆನ್ನು ಬಿಟ್ಟಿರಲಿಲ್ಲ. ಆಳು ಮಾತ್ರ ಪುಟ್ಟದಲ್ಲ. ಎತ್ತರದ ನಿಲುವು, ಅಗಲ ಭುಜ, ಮೂಗಿನ ತುದಿಯಲ್ಲೇ ಕೋಪ, ಸೊಂಟ ದಾಟುವ ದಟ್ಟ ಕೂದಲು. ಯಾರ ಕೈಗೂ ಜುಟ್ಟು ಕೊಡುವವಳಲ್ಲ ಎಂದು ಜೊತೆಯ ಹೆಂಗಸರು ಅವಳ ಬಗ್ಗೆ ಆಡಿಕೊಳ್ಳುತ್ತಿದ್ದರು. ಅದು ಪೂರ್ತಿ ನಿಜವಲ್ಲ. ಎಂಟನೇ ವಯಸ್ಸಿನಿಂದ ದಿನಾ ಬೆಳಿಗ್ಗೆ ಅವಳು ತನ್ನ ಜುಟ್ಟನ್ನು ಅಕ್ಕನ ಕೈಗೆ ಕೊಟ್ಟೇ ಕೂರುತ್ತಿದ್ದಳು.

ಅಕ್ಕ ಐದು ವರ್ಷ ದೊಡ್ಡವಳು, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ, ಬೆಳಿಗ್ಗೆ ಆರೂಕಾಲಿಗೆ ಸರಿಯಾಗಿ, ತಂಗಿ ಕಿಟಕಿಗೆ ಮುಖ ಮಾಡಿ ಗಿಡ್ಡ ಸ್ಟೂಲಿನ ಮೇಲೆ ಕೂತರೆ ಅಕ್ಕ ಹಿಂದೆ ಮಂಚದ ಅಂಚಿನಲ್ಲಿ ಕೂತು ಬಾಚಣಿಗೆ ಹಿಡಿಯುತ್ತಿದ್ದಳು. ಮನೆಯ ಮಾತೆಲ್ಲ ಆಗುತ್ತಿದ್ದದ್ದು ಆ ಹದಿನೈದು ನಿಮಿಷದಲ್ಲೇ. ಪಕ್ಕದ ಮನೆಯವರ ಜಗಳ, ಸೋರುವ ನಲ್ಲಿ, ಲಾಂಡ್ರಿಗೆ ಬಂದ ಅಂಗಿಯ ಜೇಬಿನಲ್ಲಿ ಸಿಕ್ಕಿದ ಪ್ರೇಮಪತ್ರ, ಎಲ್ಲವೂ.

ಜಡೆಯಲ್ಲಿ ಅಂಥದ್ದೇನಿದೆ ಎಂದರೆ, ಪುಟ್ಟಿಗೆ ಬೇಕಾಗಿದ್ದದ್ದು ಬೆನ್ನ ಮೇಲೆ ಜೋತಾಡುವ ಮಾಮೂಲಿ ಜಡೆಯಲ್ಲ. ಅವಳು ನೋಡಿಕೊಳ್ಳುತ್ತಿದ್ದದ್ದು ನೂರಿಪ್ಪತ್ತು ಕದಿರುಗಳು ಒಟ್ಟಿಗೆ ತಿರುಗುವ ಯಂತ್ರವನ್ನು. ಬಿಡಿಗೂದಲು ಒಂದೆಳೆ ಸಿಕ್ಕಿದರೂ ಕದಿರು ಅದನ್ನೂ ನೂಲೆಂದೇ ತಿಳಿದು ಸುತ್ತಿಕೊಳ್ಳುತ್ತದೆ. ಆದ್ದರಿಂದ ಕೂದಲು ಹಣೆಯಿಂದಲೇ ನೆತ್ತಿಗೆ ಅಂಟಿಕೊಂಡಿರಬೇಕು, ತುದಿ ಟೋಪಿಯೊಳಗೆ ಹೋಗಬೇಕು ಎಂಬುದು ಅಲ್ಲಿಯ ಕಾನೂನು. ಅವಳ ಕೂದಲಿನ ದಪ್ಪಕ್ಕೆ ತುರುಬು ಕಟ್ಟಿದರೆ ಟೋಪಿ ಮೇಲೆ ನಿಲ್ಲುತ್ತಿರಲಿಲ್ಲ. ಉಳಿದದ್ದು ಫ್ರೆಂಚ್ ಜಡೆ ಒಂದೇ. ಹಣೆಯ ಹತ್ತಿರ ಮೂರು ಕಾಲು ತೆಗೆದು, ಒಂದೊಂದು ಹೆಣಿಗೆಗೂ ಆಚೀಚೆಯಿಂದ ಇನ್ನಷ್ಟು ಕೂದಲು ಸೇರಿಸುತ್ತ ಕತ್ತಿನವರೆಗೆ ಇಳಿದುಬರುವ ಜಡೆ. ಅಕ್ಕನ ಕೈಗೆ ಅದು ಅಂಗಿಯ ಕಾಲರಿಗೆ ಇಸ್ತ್ರಿ ಮಾಡಿದಷ್ಟು ಸಲೀಸು.

ಹೀಗೆ ಒಂದು ದಿನ ಜಡೆ ಅರ್ಧಕ್ಕೆ ಬಂದಾಗ ಅಕ್ಕ ಹಿಂದಿನಿಂದ ಹೇಳಿದಳು: "ಪುಟ್ಟಿ, ನಾನು ಮದುವೆ ಆಗ್ತಾ ಇದೀನಿ ಕಣೆ."

ಪುಟ್ಟಿ ತಿರುಗಲು ಹೋದಳು. ಕೂದಲು ಅಕ್ಕನ ಮುಷ್ಟಿಯಲ್ಲಿದ್ದುದರಿಂದ ಆಗಲಿಲ್ಲ.

"ಯಾರನ್ನ?"

"ಬೇಕರಿ ವ್ಯಾನ್ ಓಡಿಸ್ತಾರಲ್ಲ, ಏಪ್ರನ್ ತಂದುಕೊಡ್ತಾರೆ ಲಾಂಡ್ರಿಗೆ. ಅವರನ್ನ. ತಲೆ ಅಲ್ಲಾಡಿಸಬೇಡ, ಕಾಲು ತಪ್ಪುತ್ತೆ."

"ಐವತ್ತೊಂದಕ್ಕೆ ಮದುವೆನಾ?"

"ಐವತ್ತೆರಡಕ್ಕಿಂತ ಬೇಗ ಅಲ್ವಾ?"

ಅಕ್ಕ ಉಳಿದ ಹೆಣಿಗೆ ಮುಗಿಸಿ ತುದಿಗೆ ರಬ್ಬರ್ ಬ್ಯಾಂಡ್ ಹಾಕಿದಳು.

ಒಂದು ಬುಧವಾರ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಅಕ್ಕ ಎರಡು ಬೀದಿ ಆಚೆಗೆ, ನೆಲಮಹಡಿಯ ಮನೆಗೆ ಹೋದಳು. ಹೋಗುವಾಗ ಹೇಳಿದ ಮಾತು ಇಷ್ಟೇ: "ಕಾರ್ಖಾನೆಗೆ ಹೋಗೋ ದಾರೀಲೇ ಇದೆ ನಮ್ಮನೆ. ಆರೂಕಾಲಿಗೆ ಬಾ, ಹಾಕಿಕೊಡ್ತೀನಿ." ಪುಟ್ಟಿ ಆಗಲಿ ಎಂದಳು, ಮರುದಿನ ಹೋಗಲಿಲ್ಲ. ಇನ್ನೊಬ್ಬರ ಮನೆಯ ಬಾಗಿಲು ತಟ್ಟಿ, ಗೊತ್ತಿಲ್ಲದ ಗಂಡಸಿನ ಎದುರು ತಲೆ ಬಿಚ್ಚಿಕೊಂಡು ಕೂರುವುದು ಅವಳಿಗೆ ಸರಿಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಕ್ಕ ತನ್ನನ್ನು ಕೇಳದೆ ನಿರ್ಧಾರ ಮಾಡಿದ್ದು ಅವಳಿಗೆ ಚುಚ್ಚಿತ್ತು. ಜಡೆ ತಾನೇ, ನಾನೇ ಹಾಕಿಕೊಂಡರಾಯಿತು ಎಂದುಕೊಂಡಳು.

ಬಚ್ಚಲಿನ ಕನ್ನಡಿಯ ಮುಂದೆ ನಿಂತು ಮೂರು ಕಾಲು ತೆಗೆದಳು. ಮೊದಲ ಎರಡು ಹೆಣಿಗೆ ಚೆನ್ನಾಗಿಯೇ ಬಂತು. ಮೂರನೆಯದಕ್ಕೆ ಬಲಗಡೆಯಿಂದ ಕೂದಲು ಸೇರಿಸಲು ಹೋದಾಗ ಎಡಗೈಯಲ್ಲಿದ್ದದ್ದು ಯಾವುದು, ನಡುವಿನದು ಯಾವುದು ಎಂದು ಮರೆತುಹೋಯಿತು. ಕನ್ನಡಿಯಲ್ಲಿ ನೋಡಿದರೆ ಬಲ ಎಡವಾಗಿ ಇನ್ನಷ್ಟು ಗೋಜಲು. ತೋಳು ಸೋತು ಕೈಬೆರಳು ಜೋಮು ಹಿಡಿದವು. ಅರ್ಧ ಗಂಟೆ ಒದ್ದಾಡಿ ಆದದ್ದು ಜಡೆಯೂ ಅಲ್ಲದ ತುರುಬೂ ಅಲ್ಲದ ಒಂದು ಮುದ್ದೆ.

ಕಾರ್ಖಾನೆಯ ಬಾಗಿಲಲ್ಲಿ ನಿಂತು ದಿನಾ ಎಲ್ಲರ ತಲೆ ಪರೀಕ್ಷಿಸುವ ಮೇಲ್ವಿಚಾರಕನಿಗೆ ಟೋಪಿ ಮೇಷ್ಟ್ರು ಎಂದು ಹೆಸರು. ಅವನು ಅವಳ ತಲೆಯನ್ನು ಎಡದಿಂದ ನೋಡಿದ, ಬಲದಿಂದ ನೋಡಿದ.

"ಏನಮ್ಮಾ ಇದು? ಹಕ್ಕಿ ಮನೆ ಮಾಡಿದೆಯಾ?"

"ನಾಳೆ ಸರಿ ಮಾಡ್ಕೊಂಡ್ ಬರ್ತೀನಿ."

"ನಾಳೆ ಮಷೀನಿಗೆ ಹೋಗಿ. ಇವತ್ತು ಪ್ಯಾಕಿಂಗ್."

ನಾಳೆಯೂ ಪ್ಯಾಕಿಂಗ್, ನಾಳಿದ್ದೂ ಪ್ಯಾಕಿಂಗ್. ರಟ್ಟಿನ ಹಾಳೆ ಮಡಚಿ ಡಬ್ಬ ಮಾಡುವುದು, ನೂಲಿನ ಉಂಡೆ ಇಪ್ಪತ್ನಾಲ್ಕು ಇಡುವುದು, ಟೇಪು ಅಂಟಿಸುವುದು. ಇಪ್ಪತ್ತೆರಡು ವರ್ಷ ಯಂತ್ರದ ಸದ್ದಿನಲ್ಲಿ ಓಡಾಡಿದವಳಿಗೆ ಆ ಕೋಣೆಯ ಮೌನ ತಲೆನೋವು ತರುತ್ತಿತ್ತು. ಕತ್ತರಿಸಿಬಿಡು ಪೀಡೆ ಹೋಗಲಿ ಎಂದು ಪ್ಯಾಕಿಂಗಿನ ಹೆಂಗಸರು ಸಲಹೆ ಕೊಟ್ಟರು. "ಕತ್ತರಿಸೋದಾದ್ರೆ ಕತ್ತಿನ ಸಮೇತ ಕತ್ತರಿಸಿ" ಎಂದು ಪುಟ್ಟಿ ಸಿಡುಕಿದಳು. ಮತ್ತೆ ಯಾರೂ ಆ ಮಾತೆತ್ತಲಿಲ್ಲ.

ಇತ್ತ ಅಕ್ಕ ಮೊದಲ ವಾರವೆಲ್ಲ ಆರೂಕಾಲಿಗೆ ಬಾಚಣಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳಂತೆ. ಎರಡನೇ ವಾರ ನಿಲ್ಲಲಿಲ್ಲ. ಮೂರನೇ ವಾರ ಬೀದಿಯಲ್ಲಿ ಎದುರಾದಾಗ ಇಬ್ಬರೂ ಟೊಮೆಟೊ ಹಣ್ಣಾಗಿದೆಯಾ ಇಲ್ಲವಾ ಎಂಬುದರ ಬಗ್ಗೆ ಮಾತಾಡಿ ಬೇರೆಯಾದರು.

ಅದರ ಮುಂದಿನ ಭಾನುವಾರ ಪುಟ್ಟಿಯ ಬಾಗಿಲು ಬಡಿದದ್ದು ಭಾವ. ಮೂರು ಮಹಡಿ ಹತ್ತಿ ಮಂಡಿ ಹಿಡಿದುಕೊಂಡು ನಿಂತಿದ್ದ. ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಒಂದು ಸುರುಳಿ ಹಗ್ಗ.

"ಹಗ್ಗ ಯಾಕೆ?" ಎಂದಳು ಪುಟ್ಟಿ. ಒಳಗೆ ಬನ್ನಿ ಎನ್ನಲೂ ಇಲ್ಲ.

"ಹೇಳ್ತೀನಿ. ಕೂತ್ಕೊಂಡು ಹೇಳ್ಲಾ? ಮಂಡಿ ಮಾತು ಕೇಳ್ತಾ ಇಲ್ಲ."

ಭಾವ ಬೇಕರಿಗೆ ಬಂದು ನಾಲ್ಕು ವರ್ಷವಾಗಿತ್ತು. ಅದಕ್ಕೆ ಮುಂಚೆ ಮೂವತ್ತು ವರ್ಷ ಕುದುರೆ ಲಾಯದಲ್ಲಿದ್ದವನು, ಒಂದು ಕುದುರೆ ಮಂಡಿಗೆ ಒದ್ದಮೇಲೆ ಬಿಟ್ಟುಬಂದವನು. ಪಂದ್ಯದ ದಿನ ಕುದುರೆಗಳ ಕೇಸರವನ್ನೂ ಬಾಲವನ್ನೂ ಹೆಣೆಯುವುದು ಅವನ ಪಾಲಿನ ಕೆಲಸವಾಗಿತ್ತು. ಇದನ್ನು ಅವನು ಬಲು ಸಾವಕಾಶವಾಗಿ, ಚಹಾ ಕುಡಿಯುತ್ತ ಹೇಳಿದ.

"ಬಾಲದ್ದು ನಿಮ್ಮ ಜಡೆ ಥರಾನೇ. ಮೇಲಿಂದ ಶುರು ಮಾಡಿ ಆಚೆ ಈಚೆ ಸೇರಿಸ್ಕೊಂಡು ಬರೋದು. ಅಷ್ಟೇ."

"ಅಂದ್ರೆ ನಾನು ಕುದುರೆ ಅಂತೀರಾ?"

ಭಾವ ಗಾಬರಿಯಾದ. "ಅಯ್ಯೋ, ಹಾಗಲ್ಲ. ಕುದುರೆಗೆ ನಾವು ಹಾಕ್ತೀವಿ. ನೀವೇ ಹಾಕ್ಕೋಬೇಕು. ಕುದುರೆಗೆ ಅದು ಬರಲ್ಲ."

ಪುಟ್ಟಿಗೆ ನಗು ಬಂತು. ತೋರಿಸಿಕೊಳ್ಳಲಿಲ್ಲ.

"ಅಕ್ಕ ಕಳಿಸಿದ್ಲಾ?"

"ಇಲ್ಲ. ಅವಳಿಗೆ ಗೊತ್ತಿಲ್ಲ. ದಿನಾ ಬೆಳಿಗ್ಗೆ ಎದ್ದು ಸುಮ್ನೆ ಪಾತ್ರೆ ಕುಕ್ತಾಳೆ. ನಂಗೆ ನಿದ್ದೆ ಇಲ್ಲ."

ಹಗ್ಗವನ್ನು ಕಿಟಕಿಯ ಸರಳಿಗೆ ಕಟ್ಟಿ, ಅದರ ಹುರಿ ಬಿಚ್ಚಿ, ಎಳೆಗಳನ್ನು ಕೂದಲಿನಂತೆ ಹರಡಿದ. ಪುಟ್ಟಿ ವಾರಗಟ್ಟಲೆ ಒದ್ದಾಡಿದರೂ ತಿಳಿಯದಿದ್ದದ್ದು ಕಿರುಬೆರಳಿನ ಕೆಲಸ. ಮೂರು ಕಾಲನ್ನೂ ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲೇ ಹಿಡಿದು ಕಿರುಬೆರಳನ್ನು ಖಾಲಿ ಬಿಡಬೇಕು. ಹೊಸ ಕೂದಲನ್ನು ಬಾಚಿಕೊಂಡು ಬರುವುದು ಅದೇ. ಹಿಡಿದದ್ದನ್ನು ಬಿಟ್ಟು ಹೊಸದಕ್ಕೆ ಕೈಚಾಚಿದರೆ ಎರಡೂ ಹೋಗುತ್ತವೆ. ಭಾವ ಅವಳ ತಲೆಯನ್ನು ಮುಟ್ಟಲಿಲ್ಲ. ಹಗ್ಗದ ಮೇಲೆ ತೋರಿಸುತ್ತಿದ್ದ, ಅವಳು ತನ್ನ ತಲೆಯ ಮೇಲೆ ಮಾಡುತ್ತಿದ್ದಳು. ಅವಸರಪಟ್ಟರೆ ಅವನ ಬಾಯಿಂದ ತಾನಾಗಿಯೇ "ಹೋ, ಹೋ, ನಿಧಾನ" ಎಂದು ಬರುತ್ತಿತ್ತು, ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದ.

ಎರಡನೇ ಭಾನುವಾರ ಅವನು ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟ.

"ನೋಡದೆ ಹೇಗೆ?"

"ನಮ್ಮ ಲಾಯದಲ್ಲಿ ಬಲ್ಬು ಯಾವಾಗ್ಲೂ ಕೆಟ್ಟಿರ್ತಿತ್ತು. ನೂಲು ಕಡಿದ್ರೆ ನೀವು ನೋಡ್ಕೊಂಡು ಗಂಟು ಹಾಕ್ತೀರಾ?"

ಇಲ್ಲ. ಅವಳ ಕಣ್ಣು ಆಗಲೇ ಮುಂದಿನ ಕದಿರಿನ ಮೇಲಿರುತ್ತಿತ್ತು. ಪುಟ್ಟಿ ಕಣ್ಣು ಮುಚ್ಚಿಕೊಂಡಳು. ನೆತ್ತಿಯವರೆಗೆ ಬಂತು. ನೆತ್ತಿ ದಾಟಿದ ಮೇಲೆ ಅಂಗೈ ತಿರುವು ಬದಲಾಗುತ್ತದೆ, ಮೊಣಕೈ ಕೆಳಗಿಳಿಯಬೇಕು, ಅಲ್ಲಿ ತಪ್ಪಿತು. ಬಿಚ್ಚಿದಳು, ಮತ್ತೆ ಹಾಕಿದಳು. ಪ್ಯಾಕಿಂಗ್ ಕೋಣೆಯಲ್ಲಿ ಊಟದ ಹೊತ್ತಿನಲ್ಲಿ, ಸ್ನಾನದ ನೀರು ಕಾಯುವ ಹೊತ್ತಿನಲ್ಲಿ, ಬಸ್ಸಿಗೆ ಕಾಯುವಾಗ ಬರೀ ಗಾಳಿಯಲ್ಲಿ ಬೆರಳಾಡಿಸುತ್ತ ಅಭ್ಯಾಸ ಮಾಡಿದಳು. ಬಸ್ ನಿಲ್ದಾಣದಲ್ಲಿ ಒಬ್ಬ ಮುದುಕಿ ಅವಳಿಗೆ ಏನೋ ಆಗಿದೆ ಎಂದು ತಿಳಿದು ಪಕ್ಕದ ಬೆಂಚಿಗೆ ಹೋಗಿ ಕೂತಳು.

ಭಾವನ ಪಾಠ ಶುರುವಾದ ಐದನೇ ಸೋಮವಾರ ಟೋಪಿ ಮೇಷ್ಟ್ರು ತಲೆಯನ್ನು ಎರಡೂ ಕಡೆಯಿಂದ ನೋಡಿ, ಕತ್ತಿನ ಹತ್ತಿರ ಬಗ್ಗಿ ನೋಡಿ, "ಸ್ವಲ್ಪ ಸೊಟ್ಟ" ಎಂದ.

"ಬಿಗಿ ಇದೆಯೋ ಇಲ್ವೋ?"

"ಬಿಗಿ ಇದೆ."

"ಮತ್ತೆ? ನಾನೇನು ಫೋಟೋ ತೆಗೆಸ್ಕೋಬೇಕಾ?" ಎಂದು ಪುಟ್ಟಿ ಟೋಪಿ ಎಳೆದುಕೊಂಡು ತನ್ನ ಯಂತ್ರದ ಕಡೆ ನಡೆದಳು.

ಅಕ್ಕನಿಗೆ ವಿಷಯ ತಿಳಿದದ್ದು ಬೇರೆ ರೀತಿಯಲ್ಲಿ. ಅವಳು ಲಾಂಡ್ರಿಯ ಬಾಗಿಲಲ್ಲಿ ನಿಂತಿದ್ದಾಗ ಪುಟ್ಟಿ ಎದುರಿನ ಬೀದಿಯಲ್ಲಿ ಹೋಗುವುದನ್ನು ಹಿಂದಿನಿಂದ ಕಂಡಳು. ಮೂವತ್ತೆಂಟು ವರ್ಷ ನೋಡಿದ ತಲೆ. ಅದರ ಮೇಲೆ ತನ್ನದಲ್ಲದ ಹೆಣಿಗೆ. ಸಂಜೆ ಮೂರು ಮಹಡಿ ಹತ್ತಿ ಬಂದಳು.

"ಯಾರು ಹಾಕಿದ್ದು?"

"ನಾನೇ."

"ಕಲಿಸಿದ್ದು?"

ಪುಟ್ಟಿ ಹೇಳಿದಳು. ಅಕ್ಕ ಮಂಚದ ಮೇಲೆ ಕೂತುಬಿಟ್ಟಳು. ಗಂಡನ ಮೇಲೆ ಕೋಪಗೊಳ್ಳಬೇಕೋ ತಂಗಿಯ ಮೇಲೋ ತಿಳಿಯದೆ ಸ್ವಲ್ಪ ಹೊತ್ತು ಸೆರಗಿನ ಅಂಚು ತಿರುಚಿದಳು.

"ನನ್ನ ಹತ್ರ ಬಂದಿದ್ರೆ ನಾನು ಬೇಡ ಅಂತಿದ್ನಾ?"

"ಇಲ್ಲ."

"ಹಾಗಾದ್ರೆ ಇನ್ಮೇಲೆ ಬರೋದೇ ಇಲ್ವಾ ನೀನು?"

"ಬರ್ತೀನಿ. ಜಡೆಗಲ್ಲ, ಸುಮ್ನೆ."

ಹಾಗೆ ಸುಮ್ಮನೆ ಹೋಗುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಮುಂದಿನ ಭಾನುವಾರ ಅಕ್ಕನ ಮನೆಯಲ್ಲಿ ಮೇಜಿನ ಎರಡು ಕಡೆ ಕೂತಾಗ ಇಬ್ಬರಿಗೂ ಮಾತೇ ಹೊರಡಲಿಲ್ಲ. ಅಷ್ಟು ವರ್ಷ ಅವರು ಮಾತಾಡಿದ್ದೆಲ್ಲ ಒಬ್ಬಳ ಬೆನ್ನಿಗೆ ಇನ್ನೊಬ್ಬಳು. ಎದುರುಬದುರು ಕೂತು ಅಭ್ಯಾಸವಿರಲಿಲ್ಲ. ಕಣ್ಣು ಎಲ್ಲಿಡಬೇಕೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಭಾವ ಪಾಪ, ತಾನೇ ಲಾಯದ ಕಥೆ ಹೇಳುತ್ತ ಹೊತ್ತು ಕಳೆದ. ಬಿಸ್ಕತ್ತು ಕದಿಯುವ ಕುದುರೆ, ಬ್ಯಾಂಡಿನ ಸದ್ದಿಗೆ ಅಂಜಿ ಪಂದ್ಯ ಬಿಟ್ಟು ಬಂದ ಕುದುರೆ.

ಮೂರನೆಯದೋ ನಾಲ್ಕನೆಯದೋ ಭಾನುವಾರ ಅಕ್ಕ ಚಹಾ ಬಗ್ಗಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ನಿನ್ನ ಹುಬ್ಬಿನ ಮೇಲೆ ಇದೇನೇ ಗಾಯ? ಯಾವಾಗ ಆಯ್ತು?"

"ನೂಲು ಸುತ್ತೋ ಬಾಬಿನ್ ಸಿಡಿದು ಹೊಡೀತು. ಹನ್ನೆರಡು ವರ್ಷ ಆಯ್ತು."

"ನಂಗೆ ಹೇಳೇ ಇಲ್ಲ ನೀನು."

"ಹೇಳ್ದೆ. ನೀನು ಅವಾಗ ಸಿಕ್ಕು ಬಿಡಿಸ್ತಿದ್ದೆ. ತಲೆ ಅಲ್ಲಾಡಿಸಬೇಡ ಅಂದೆ."

ಅಕ್ಕ ಚಹಾ ಪಾತ್ರೆ ಕೆಳಗಿಟ್ಟು, ಕನ್ನಡಕ ಹಾಕಿಕೊಂಡು, ಮೇಜಿನ ಮೇಲೆ ಬಾಗಿ ಆ ಗಾಯವನ್ನು ಸರಿಯಾಗಿ ನೋಡಿದಳು. ಪುಟ್ಟಿ ಅಲ್ಲಾಡದೆ ಕೂತಳು. ಎರಡು ಹೊಲಿಗೆ ಹಾಕಿದ್ದರು, ಆವತ್ತು ಟೋಪಿ ಮೇಷ್ಟ್ರೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು ಎಂದು ಹೇಳತೊಡಗಿದಳು. ಭಾವ ಸದ್ದಿಲ್ಲದೆ ಎದ್ದು ವ್ಯಾನ್ ತೊಳೆಯಲು ಹೊರಗೆ ಹೋದ.