ಮೇಷ್ಟ್ರ ಬೌಲರ್

ನೈರೋಬಿಯ ಸ್ಪ್ರಿಂಗ್ ವ್ಯಾಲಿಯ ಆ ಮನೆಯೊಳಗೆ ಕಾಲಿಟ್ಟಾಗ ಊದುಬತ್ತಿಗಿಂತ ಮೊದಲು ಮೂಗಿಗೆ ಬಡಿದದ್ದು ನೋವಿನ ಮುಲಾಮಿನ ವಾಸನೆ. ಮೇಷ್ಟ್ರ ಹೆಂಡತಿ ಅತ್ತೂ ಅತ್ತೂ ತಲೆನೋವು ಬಂದು ಹಣೆಗೆ ಹಚ್ಚಿಕೊಂಡಿದ್ದರು. ಗೋಡೆಯ ಮೇಲೆ ಮೇಷ್ಟ್ರ ಫೋಟೋ, ಅದರ ಕೆಳಗೆ ನಾವು ಗೆದ್ದ ಕಪ್. ವಾಸನೆ ತಾಗಿದ್ದೇ ತಡ, ನನ್ನ ಬಲಭುಜ ತಾನಾಗಿಯೇ ಬಿಗಿದುಕೊಂಡಿತು...

ತೀಕಾ ರಸ್ತೆಯನ್ನು ಅಗಲ ಮಾಡುತ್ತಿದ್ದ ಕಾಲ ಅದು. ಅಪ್ಪನನ್ನು ಬ್ಯಾಂಕಿನವರು ನೈರೋಬಿಗೆ ಹಾಕಿದ್ದರಿಂದ ನಾನು ಇಲ್ಲಿಯ ಒಂದು ಖಾಸಗಿ ಕಾಲೇಜು ಸೇರಿದ್ದೆ. ಮಟಾಟು ಎಂಬ ಬಾಡಿಗೆ ವ್ಯಾನಿನಲ್ಲಿ ಧೂಳು ಕುಡಿಯುತ್ತ ಅಲ್ಲಿಗೆ ಮುಟ್ಟುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತಿತ್ತು. ಮೇಷ್ಟ್ರು ಅಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದರು. ಮೈಸೂರಿನವರು, ಹರೆಯದಲ್ಲಿ ಯೂನಿವರ್ಸಿಟಿ ತಂಡದ ಸ್ಪಿನ್ ಬೌಲರ್. ಕಾಲೇಜಿಗೆ ಬೇಸ್‌ಬಾಲ್ ತಂಡ ಬೇಕೆಂಬ ಹುಚ್ಚು ಹತ್ತಿದಾಗ, ಬ್ಯಾಟು ಚೆಂಡು ಕಂಡವರು ಇವರೊಬ್ಬರೇ ಎಂದು ಇವರನ್ನೇ ಕೋಚ್ ಮಾಡಿದರು. ಮೈದಾನದ ಅಂಚಿನಿಂದ ನಾನೊಮ್ಮೆ ಚೆಂಡು ಎಸೆದದ್ದನ್ನು ನೋಡಿ ಹತ್ತಿರ ಬಂದು, “ಯಾವೂರೋ ನಿಂದು?” ಅಂದರು. ಬೆಂಗಳೂರು ಅಂದೆ. ಅಲ್ಲಿಗೆ ನಾನು ಅವರ ಸೊತ್ತಾದೆ.

ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವವನು ಪಿಚರ್. ಭುಜದ ಮೇಲಿಂದ ಕೈಯನ್ನು ಚಾಟಿಯಂತೆ ಬೀಸಿ ಎಸೆಯಬೇಕು. ಒಂದು ಪಂದ್ಯ ಎಸೆದವನನ್ನು ಕೆಲವು ದಿನ ಕೂರಿಸಿ ಇನ್ನೊಬ್ಬನನ್ನು ಇಳಿಸುವುದು ಆ ಆಟದ ಪದ್ಧತಿ. ಮೇಷ್ಟ್ರಿಗೆ ಅದೆಲ್ಲ ಅಮೆರಿಕದವರ ನಾಜೂಕು. ನನ್ನ ಎಸೆತಗಳನ್ನು ಅವರು ಕ್ರಿಕೆಟ್ಟಿನ ಓವರುಗಳಲ್ಲಿ ಎಣಿಸುತ್ತಿದ್ದರು. “ನಾನು ಮೈಸೂರಲ್ಲಿ ಬೆಳಗ್ಗಿಂದ ಸಂಜೆ ತನಕ ಬೌಲಿಂಗ್ ಹಾಕಿದೀನಿ ಕಣೋ. ನಿಂದೇನು ಮಹಾ?” ಎನ್ನುತ್ತಿದ್ದರು. ಸ್ಪಿನ್ ಹಾಕುವ ಕೈಗೂ ಈ ಕೈಗೂ ವ್ಯತ್ಯಾಸವಿದೆ ಎಂದು ಅವರಿಗೆ ಹೇಳುವವರು ಯಾರು? ನನ್ನನ್ನು ಒಮ್ಮೆಯೂ ಪಿಚರ್ ಅನ್ನಲಿಲ್ಲ. “ನನ್ನ ಬೌಲರ್” ಅಂತಲೇ ಎಲ್ಲರಿಗೂ ಪರಿಚಯ ಮಾಡಿಸುತ್ತಿದ್ದರು.

ಆ ಸೀಸನ್ನಿನ ಪ್ರತಿ ಪಂದ್ಯದಲ್ಲೂ ನಾನೇ ಎಸೆದೆ, ನಾವೇ ಗೆದ್ದೆವು. ಪಂದ್ಯ ಮುಗಿದ ಮೇಲೆ ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ಕೂರಿಸಿ ತಾವೇ ಮುಲಾಮು ತಿಕ್ಕುತ್ತಿದ್ದರು. “ನೋವಿದೆಯೇನೋ ಮಗಾ?” ಎಂದು ಕೇಳುತ್ತಿದ್ದರು. “ಇಲ್ಲ ಸರ್” ಎನ್ನುತ್ತಿದ್ದೆ. ಉಳಿದ ಹುಡುಗರ ಜೊತೆ ಅವರದು ಇಂಗ್ಲಿಷು. ಆ ಹುಡುಗರು ಆಗಲ್ಲ ಅಂದರೆ ಆಗಲ್ಲ, ಮಾತು ಅಲ್ಲಿಗೇ ಮುಗಿಯುತ್ತಿತ್ತು. ನನ್ನೊಬ್ಬನ ಹತ್ತಿರ ಮಾತ್ರ ಕನ್ನಡ. ಮಗಾ ಎಂದು ಕರೆದವರಿಗೆ ಆಗಲ್ಲ ಅನ್ನುವುದು ಹೇಗೆ...

ಸೀಸನ್ ಅರ್ಧಕ್ಕೆ ಬರುವಷ್ಟರಲ್ಲಿ ಬಲಗೈಯಲ್ಲಿ ತಲೆ ಬಾಚಿಕೊಳ್ಳಲು ಆಗುತ್ತಿರಲಿಲ್ಲ. ಕಾಲೇಜಿನ ಡಾಕ್ಟರು ಭುಜವನ್ನು ಅಲ್ಲಿ ಇಲ್ಲಿ ಒತ್ತಿ ನೋಡಿ, ನನ್ನನ್ನು ಹೊರಗೆ ಕಳಿಸಿ, ಮೇಷ್ಟ್ರ ಜೊತೆ ಬಹಳ ಹೊತ್ತು ಮಾತಾಡಿದರು. ಹೊರಬಂದ ಮೇಷ್ಟ್ರು ನಗುತ್ತಿದ್ದರು. “ಏನಿಲ್ವಂತೆ ಕಣೋ, ಬರೀ ಸುಸ್ತಂತೆ.” ಮನೆಯಲ್ಲಿ ನೋವು ಹೇಳಿಕೊಂಡೆ. ಹಿಂದಿನ ಭಾನುವಾರವಷ್ಟೇ ನಮ್ಮಲ್ಲಿ ಊಟ ಮಾಡಿ, ಇವನನ್ನು ಕಸರಾನಿಯ ಸ್ಟೇಡಿಯಮ್ಮಿಗೆ ದೇಶದ ತಂಡದ ಆಯ್ಕೆಗೆ ನಾನೇ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟು ಹೋಗಿದ್ದರು ಮೇಷ್ಟ್ರು. ಅಪ್ಪ, “ಅವರು ಹೇಳ್ದಂಗೆ ಕೇಳು. ಈ ದೇಶದಲ್ಲಿ ನಮ್ಮೋರು ಅಂತ ಇರೋದು ಅವರೊಬ್ರೇ” ಅಂದರು. ಕಸರಾನಿಯ ಆಸೆ ನನಗೂ ಇತ್ತು. ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಒಂದು ದಿನ ತಡೆಯಲಾರದೆ ಮೈದಾನದಲ್ಲೇ ಕೂತುಬಿಟ್ಟೆ. ಮೇಷ್ಟ್ರು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, ಮುಖದ ತುಂಬ ನಗು ತುಂಬಿಕೊಂಡು, “ಏನೋ, ಬಾಣಂತಿ ಥರ ಆಡ್ತೀಯಾ? ನಿಮ್ಮಮ್ಮ ಹೆತ್ತಿದ್ದು ಗಂಡೋ ಹೆಣ್ಣೋ? ಎದ್ದೇಳು, ಮಾನ ಕಳೀಬೇಡ” ಅಂದರು. ಭಾಷೆ ತಿಳಿಯದ ಹುಡುಗರು ಕೋಚ್ ಹರಸುತ್ತಿದ್ದಾರೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನೆನಪಾದರೆ ಈಗಲೂ ನನಗೆ ಮೈ ಉರಿಯುತ್ತದೆ.

ಫೈನಲ್ಲಿನಲ್ಲಿ ಇನ್ನೇನು ಗೆಲ್ಲಬೇಕು ಅನ್ನುವಾಗ ಭುಜದೊಳಗೆ ಏನೋ ಹರಿದುಹೋಯಿತು. ಚೆಂಡು ಅರ್ಧ ದಾರಿಯಲ್ಲೇ ನೆಲಕ್ಕೆ ಬಿತ್ತು. ನನ್ನ ಎಸೆತ ಹಿಡಿಯುವ ಕ್ಯಾಚರ್, ಕಿಸುಮು ಕಡೆಯ ಎತ್ತರದ ಹುಡುಗ, ಮುಖದ ಜಾಲರಿ ಕಿತ್ತೆಸೆದು ಓಡಿ ಬಂದ. “ಪೋಲೆ, ಪೋಲೆ” ಎಂದು ಮರುಗುತ್ತ ನನ್ನ ಕೈ ಹಿಡಿದುಕೊಂಡು, ಇವನನ್ನು ಹೊರಗೆ ಕಳಿಸಿ ಎಂದು ಕೋಚ್ ಮೇಲೆ ಕೂಗಾಡಿದ. ಮೇಷ್ಟ್ರು ಅವನ ಕಡೆ ನೋಡಲೂ ಇಲ್ಲ. “ಇನ್ನೊಂದೇ ಓವರ್ ಮಗಾ. ಹಾಕ್ಬಿಡು.”

ಹಾಕಿದೆ. ಗೆದ್ದೆವು. ಎಲ್ಲರೂ ಸೇರಿ ಮೇಷ್ಟ್ರನ್ನು ಹೆಗಲ ಮೇಲೆ ಹೊತ್ತು ಕುಣಿದರು. ನಾನು ನೆಲದ ಮೇಲೆ ಕೂತು ವಾಂತಿ ಮಾಡಿಕೊಂಡೆ.

ಕಸರಾನಿಗೆ ಹೋಗುವ ಬೆಳಗ್ಗೆ ನ್ಗಾರಾದ ನಮ್ಮ ಮನೆಯ ಗೇಟಿನಲ್ಲಿ, ಕೈಯನ್ನು ಕೊರಳಿಂದ ಇಳಿಬಿಟ್ಟ ಬಟ್ಟೆಗೆ ಕಟ್ಟಿಕೊಂಡೇ ಬ್ಯಾಗು ಹಿಡಿದು ಕಾದೆ. ಕೈ ಆಡದಿದ್ದರೂ ಅಲ್ಲಿ ನಿಂತು ನೋಡಬೇಕೆಂಬ ಹುಚ್ಚು. ಕಾರು ಬರಲಿಲ್ಲ. ಫೋನ್ ಮಾಡಿದಾಗ ಮೇಷ್ಟ್ರು, “ಕೈ ಹೋದ ಬೌಲರ್‌ನ ಕರ್ಕೊಂಡು ಹೋಗಿ ನಾನೇನ್ ಮಾಡ್ಲೋ?” ಅಂದರು. ಹಿಂದಿನಿಂದ ಬೇರೆ ಹುಡುಗರ ನಗು ಕೇಳಿಸುತ್ತಿತ್ತು. ಆಮೇಲೆ ಆಪರೇಷನ್ ಆಯಿತು, ಕೈ ಎದೆಮಟ್ಟಕ್ಕಿಂತ ಮೇಲೇಳುವುದು ನಿಂತಿತು. ಮೇಷ್ಟ್ರು ನೋಡಲು ಬರಲಿಲ್ಲ.

ಅವರನ್ನು ಎಷ್ಟೋ ವರ್ಷ ಮನಸ್ಸಿನಲ್ಲೇ ಬೈದಿದ್ದೇನೆ. ಪೂರ್ತಿ ಬೈಯಲು ಬಿಡದೆ ತಡೆಯುತ್ತಿದ್ದದ್ದು ಒಂದೇ ಮಾತು: ಪಾಪ, ಕ್ರಿಕೆಟ್ಟಿನವರು, ಅವರಿಗೆ ಗೊತ್ತಿರಲಿಲ್ಲ. ಸತ್ತ ಸುದ್ದಿ ತಿಳಿದಾಗ ಆ ಮಾತನ್ನೇ ಹೇಳಿಕೊಂಡು ಹೊರಟು ಬಂದಿದ್ದೆ...

ಮೇಷ್ಟ್ರ ಹೆಂಡತಿ ನನ್ನನ್ನು ಕಂಡು ಎದ್ದು ಬಂದರು. “ನೀನೇ ಅಲ್ವೇನಪ್ಪ ಅವರ ಬೌಲರ್ರು? ಇನ್ನು ಎಸೆದ್ರೆ ಈ ಹುಡುಗನ ಕೈ ಉಳಿಯಲ್ಲ ಅಂತ ಡಾಕ್ಟ್ರು ಇವರಿಗೆ ಮೊದ್ಲೇ ಹೇಳಿದ್ರಂತಲ್ಲ? ಆದ್ರೂ ನೀನು ಹಿಂದೆ ಸರೀಲಿಲ್ವಂತೆ. ನಂಗೋಸ್ಕರ ಕೈನೇ ಕೊಟ್ಟ ಅಂತ ಬಂದೋರಿಗೆಲ್ಲ ಹೇಳೋರು.” ಅವರ ಕಣ್ಣಲ್ಲಿ ಹೆಮ್ಮೆಯಿತ್ತು. ಪಾಪ, ಗೊತ್ತಿರದಿದ್ದದ್ದು ಈ ತಾಯಿಗೆ.

“ನೀನೇ ಹಾಕಪ್ಪ” ಎಂದು ಹಾರ ಕೊಟ್ಟರು. ಎರಡು ಕೈ ಎತ್ತಿ ಹಾಕಬೇಕು. ಬಲಗೈ ಎದೆಯ ಹತ್ತಿರ ಬಂದು ನಿಂತಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಸಹಾಯಕ್ಕೆ ಕೈ ಚಾಚಿದರು. ನಾನು ಕೊಡಲಿಲ್ಲ. ಎಡಗೈಯೊಂದರಲ್ಲೇ ಎತ್ತಿ ಹಾಕಿದೆ. ಹಾರ ಫೋಟೋದ ಒಂದು ಮೂಲೆಗೆ ಸಿಕ್ಕಿಕೊಂಡು ಸೊಟ್ಟಗೆ ಜೋತುಬಿತ್ತು.

“ಅಯ್ಯೋ, ಎಡಗೈಯಲ್ಲಿ ಹಾಕ್ತಾರೇನ್ರೀ?” ಅಂದರು ಹಿರಿಯರು.

“ಬಲಗೈ ಅವರೇ ಇಟ್ಕೊಂಡಿದಾರೆ” ಅಂದೆ.