ನಾರಾಯಣದುರ್ಗದ ಅರ್ಧ ದಾರಿ

ಯಾರೇ ಬೆಟ್ಟಕ್ಕೆ ಹೊರಟರೂ ನಿಂಗಣ್ಣ ಮೊದಲು ಅವರ ಚೀಲವನ್ನು ಕಿರುಬೆರಳಿಗೆ ಸಿಕ್ಕಿಸಿ ಎತ್ತಿ ನೋಡುತ್ತಿದ್ದ. ಬೆರಳು ಬಾಗಿತೋ, ಚೀಲವನ್ನು ಜಗಲಿಯ ಮೇಲೆ ಬೋರಲು ಹಾಕಿ ಒಂದೊಂದೇ ಸಾಮಾನಿನ ವಿಚಾರಣೆ ಶುರು. ನನ್ನ ಚೀಲದಿಂದ ಎರಡು ಜೀನ್ಸ್ ಪ್ಯಾಂಟು, ಶೇವಿಂಗ್ ಡಬ್ಬಿ ಹೊರಗೆ ಬಂದವು. “ಬೆಟ್ಟದ್ ಮೇಲೆ ಯಾರ್ಲಾ ನಿನ್ ಮಕ ನೋಡೋರು? ಕೋತಿಗಳಾ?” ಎಂದ. ಆರು ವರ್ಷದ ನನ್ನ ಮಗಳು ಪುಟ್ಟಿಯ ಚೀಲದಲ್ಲಿದ್ದ ಬಟ್ಟೆಯ ಗೊಂಬೆಯನ್ನು ಮಾತ್ರ ಮುಟ್ಟಲಿಲ್ಲ. “ಅದಿರ್ಲಿ. ಅದ್ಕೂ ಬೆಟ್ಟ ನೋಡೋ ಆಸೆ ಇರ್ತದೆ.”

ನಿಂಗಣ್ಣ ಬಾಬುರಾಯನಕೊಪ್ಪಲಿನವನು. ಲೈನ್‌ಮನ್ ಆಗಿ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯೆಲ್ಲ ಕರೆಂಟು ಕಂಬ ಹತ್ತಿ ಇಳಿದು, ನಿವೃತ್ತನಾದ ಮೇಲೆ ಕಂಬ ಬಿಟ್ಟು ಬೆಟ್ಟ ಹಿಡಿದಿದ್ದ. ಎಪ್ಪತ್ತರ ಹತ್ತಿರದ ವಯಸ್ಸು, ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಹೆಗಲಿಗೊಂದು ಟವೆಲು. ರಜೆ ಬಂದರೆ ಶ್ರೀರಂಗಪಟ್ಟಣದ ನಾವು ನಾಲ್ಕಾರು ಮಂದಿ ಅವನ ಬೆನ್ನು ಹತ್ತುತ್ತಿದ್ದೆವು. ಅವನದು ಒಂದೇ ಕಟ್ಟಳೆ. ಗುಂಪಿನಲ್ಲಿ ಯಾರ ಕಾಲು ಚಿಕ್ಕದೋ ಅವರು ಮುಂದೆ ನಡೆಯಬೇಕು. ಉಳಿದವರು ಅವರನ್ನು ದಾಟಕೂಡದು. “ದೊಡ್ಡೋನು ಮುಂದಿದ್ರೆ ಚಿಕ್ಕೋರು ಓಡ್ಬೇಕಾಯ್ತದೆ ಕಣ್ಲಾ. ಅವ್ರಿಗೆ ಬೆಟ್ಟ ಎಲ್ಲಿ ಕಾಣ್ತದೆ? ನಿನ್ ಬೆನ್ನೇ ಕಾಣ್ತದೆ,” ಎನ್ನುತ್ತಿದ್ದ.

ಎರಡು ವರ್ಷದ ಹಿಂದೆ, ದಸರಾ ರಜೆಯಲ್ಲಿ ನಾನು, ಪುಟ್ಟಿ, ನಿಂಗಣ್ಣ ಮೂವರೇ ಹೊರಟೆವು. ಮೊದಲ ದಿನ ಪಾಂಡವಪುರದ ಕುಂತಿಬೆಟ್ಟ, ಅಲ್ಲಿಂದ ಹಳ್ಳಿ ದಾರಿಯಲ್ಲಿ ನಿಧಾನವಾಗಿ ಮೇಲುಕೋಟೆ, ನಾಲ್ಕನೆಯ ದಿನ ಕೆ.ಆರ್. ಪೇಟೆ ತಾಲ್ಲೂಕಿನ ನಾರಾಯಣದುರ್ಗ. ಮಗಳು ಆರನೇ ವಯಸ್ಸಿಗೇ ಮೂರು ಬೆಟ್ಟ ಹತ್ತುತ್ತಾಳೆಂದು ನಾಗಮಂಗಲದ ನನ್ನ ಆಫೀಸಿನಲ್ಲಿ ಆಗಲೇ ಡಂಗುರ ಹೊಡೆದಾಗಿತ್ತು. ಪ್ರತಿ ಬೆಟ್ಟದ ತುದಿಯಲ್ಲಿ ಅವಳನ್ನು ನಿಲ್ಲಿಸಿ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುತ್ತಿದ್ದೆ. ಸಂಜೆ ಯಾವುದಾದರೂ ಶಾಲೆಯ ಜಗಲಿಯಲ್ಲೋ ಮಂಟಪದಲ್ಲೋ ಇಳಿದುಕೊಂಡರೆ, ನಿಂಗಣ್ಣ ಬಿಸಿನೀರು ಕಾಯಿಸಿ ಪುಟ್ಟಿಯ ಕಾಲು ತೊಳೆದು ಹರಳೆಣ್ಣೆ ಹಚ್ಚುತ್ತಿದ್ದ. ನಾನು ಆ ಹೊತ್ತಿನಲ್ಲಿ ಗೋಡೆಗೆ ಒರಗಿ, ಫೋಟೋವನ್ನು ಯಾರ್ಯಾರು ನೋಡಿದರೆಂದು ನೋಡುತ್ತಿದ್ದೆ.

ನಾರಾಯಣದುರ್ಗವನ್ನು ಅರ್ಧ ಹತ್ತಿದ್ದೆವು. ಮುಂದೆ ನಡೆಯುತ್ತಿದ್ದ ಪುಟ್ಟಿ ಎರಡು ಸಲ ನಿಂತಳು. ನನಗೆ ಅವಸರ, ಮೋಡ ಕವಿದರೆ ಫೋಟೋ ಬರುವುದಿಲ್ಲ. “ಬಾ ಬಾ” ಎನ್ನುತ್ತಾ ಅವಳನ್ನು ದಾಟಿ ಮುಂದೆ ಹೋದೆ. ಹಿಂದಿನಿಂದ ನಿಂಗಣ್ಣ ಕೂಗಿದ.

“ಲೇ ಮಂಜ, ಸಾಕು ನಿಂತ್ಕೊ. ಇಳಿಯಾನ.”

“ಯಾಕೆ? ತುದಿ ಅಲ್ಲೇ ಕಾಣ್ತಾ ಐತಲ್ಲ!”

“ದುರ್ಗ ಎಲ್ಗೂ ಓಗಲ್ಲ. ಇನ್ನೊಂದ್ ದಪ ಬರಾನ ಬುಡು. ಕೂಸು ಸುಸ್ತಾಗೈತೆ.”

“ನಂಗೇನೂ ಆಗಿಲ್ಲಪ್ಪ,” ಎಂದಳು ಪುಟ್ಟಿ. ನನಗೆ ಅಷ್ಟು ಸಾಕಾಯಿತು.

“ನಿಂಗೆ ಹತ್ತಕ್ಕಾಗ್ತಿಲ್ಲ ಅಂತ ಹೇಳು ನಿಂಗಣ್ಣ. ವಯಸ್ಸಾಯ್ತು ಅಂತ ಒಪ್ಕೊ. ಮಗೂನ ಯಾಕೆ ನೆಪ ಮಾಡ್ಕೊಂತೀಯ?”

ಅವನು ನನ್ನ ಮುಖ ನೋಡಿದ. ಆಮೇಲೆ ಟವೆಲಿನಿಂದ ಕತ್ತು ಒರೆಸಿಕೊಂಡು, “ಊಂ ಕಣ್ಲಾ, ನಂಗೇ ಆಗಲ್ಲ ಅನ್ಕೊ,” ಎಂದು ಕೂತು, ಪುಟ್ಟಿಯನ್ನು ಬೆನ್ನಿಗೆ ಹತ್ತಿಸಿಕೊಂಡು ಇಳಿಯತೊಡಗಿದ. ಹತ್ತಲಾರದ ಮುದುಕ ಮಗುವನ್ನು ಹೊತ್ತು ಹೇಗೆ ಇಳಿಯುತ್ತಾನೆ ಎಂದು ಕೇಳಿಕೊಳ್ಳುವಷ್ಟು ಬುದ್ಧಿಯೂ ನನಗಿರಲಿಲ್ಲ. ಕೆಳಗಿನ ಹಳ್ಳಿಯಲ್ಲಿ ಬಸ್ಸು ಹತ್ತಿದಾಗ ಬೇರೆ ಸೀಟಿನಲ್ಲಿ ಕೂತೆ.

ಮನೆಯಲ್ಲಿ ನನ್ನ ಹೆಂಡತಿ ಪುಟ್ಟಿಯ ಕಾಲುಚೀಲ ಬಿಚ್ಚಿ ಕಿರುಚಿದಳು. ಎರಡೂ ಹಿಮ್ಮಡಿಯ ಚರ್ಮ ಕಿತ್ತುಬಂದಿತ್ತು. ಹಳೆಯ ಪಂಚೆಯ ತುಂಡುಗಳಿಗೆ ಎಣ್ಣೆ ಹಚ್ಚಿ ಕಾಲುಚೀಲದೊಳಗೆ ಸುತ್ತಲಾಗಿತ್ತು. “ನಿನ್ನೆ ಸಾಯಂಕಾಲ ಬೊಬ್ಬೆ ಬಂತು. ನಿಂಗಣ್ಣ ತಾತಂಗೆ ಗೊತ್ತಿತ್ತು,” ಎಂದಳು ಪುಟ್ಟಿ. “ಅಪ್ಪಂಗೆ ಹೇಳ್ಬೇಡ, ಬೈತಾರೆ ಅಂತ ನಾನೇ ಆಣೆ ಹಾಕಿಸ್ಕೊಂಡಿದ್ದೆ.”

ಮರುದಿನವೇ ಹೋಗಿ ಅವನ ಕಾಲು ಹಿಡಿಯಬೇಕಿತ್ತು. ಬಾಬುರಾಯನಕೊಪ್ಪಲು ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷ. ಮೊದಲ ವಾರ ನಾಚಿಕೆ, ಎರಡನೆಯ ವಾರ ಆಫೀಸಿನ ಕೆಲಸ, ಆಮೇಲೆ ಇಷ್ಟು ದಿನ ಬಿಟ್ಟು ಈಗ ಹೇಗೆ ಹೋಗುವುದೆಂಬ ಸಂಕೋಚ. ಅವನು ಸಿಗಬಹುದಾದ ಕಡೆ ಓಡಾಡುವುದನ್ನೂ ತಪ್ಪಿಸಿದೆ.

ಕೊನೆಯ ಸಲ ಸಿಕ್ಕಿದ್ದು ಹೋದ ಬೇಸಿಗೆಯಲ್ಲಿ, ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ. ಸೊರಗಿ ಇಳಿದುಹೋಗಿದ್ದ. ನನ್ನನ್ನು ಕಂಡದ್ದೇ, “ಲೇ ಮಂಜ, ಕೂಸಿನ್ ಕಾಲು ಮಾಯ್ತಾ?” ಎಂದ.

“ಯಾವಾಗ್ಲೋ ಮಾಯ್ತು ನಿಂಗಣ್ಣ.”

“ಅಂಗಾರೆ ಕರ್ಕಂಬಾ ಒಂದಿನ. ಎಂಗೆ ನಡೀತಿತ್ತು ಲಾ ಅದು! ಅತ್ತಾದ್ರೂ ಅತ್ತಿದ್ರೆ ನಂಗೆ ಸಮಾಧಾನ ಆಗೋದು. ಒಂದ್ ಅನಿ ಕಣ್ಣೀರ್ ಆಕ್ಲಿಲ್ಲ.”

ಮಾತು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ನಾಗಮಂಗಲದ ಬಸ್ಸು ಬಂತು. ಅರ್ಧ ಗಂಟೆಗೆ ಇನ್ನೊಂದು ಬಸ್ಸಿತ್ತು, ನನಗೆ ಗೊತ್ತಿತ್ತು. “ಬರ್ತೀನಿ ನಿಂಗಣ್ಣ, ಲೇಟಾಗ್ತದೆ,” ಎಂದು ಹತ್ತಿಬಿಟ್ಟೆ. ಅವನು ಕೈಯೆತ್ತಿ, “ಓಗ್ ಓಗು” ಎಂದ.

ಆಷಾಢದಲ್ಲಿ ತೀರಿಕೊಂಡ. ಎದೆನೋವೆಂದು ಆಸ್ಪತ್ರೆಗೆ ಸೇರಿಸಿದ್ದರಂತೆ, ಎರಡೇ ದಿನ. ನನಗೆ ತಿಳಿಯುವಷ್ಟರಲ್ಲಿ ಮಣ್ಣೂ ಆಗಿತ್ತು. ಅವನ ಮನೆಗೆ ಹೋಗಿ, ಬಂದವರ ನಡುವೆ ಸ್ವಲ್ಪ ಹೊತ್ತು ಕೂತು ಎದ್ದು ಬಂದೆ.

ಪುಟ್ಟಿಗೆ ಈಗ ಎಂಟು. ವಿಷಯ ಹೇಳಿದಾಗ ತುಂಬ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಕೇಳಿದಳು: “ಅಪ್ಪ, ಅವತ್ತು ಬೆಟ್ಟದಲ್ಲಿ ತಾತಂಗೆ ಬೈದಿದ್ಯಲ್ಲ, ಆಮೇಲೆ ಸಾರಿ ಕೇಳಿದ್ಯಾ?”

“ಕೇಳ್ದೆ,” ಎಂದೆ.

“ತಾತ ಏನಂದ್ರು?”

“ಓಗ್ ಓಗು ಅಂದ,” ಎಂದೆ. ಪುಟ್ಟಿ ನಂಬಿದಳು.