ವಿಡಿಯೊ ಇಲ್ಲದ ಅಸಿಸ್ಟೆಂಟ್ ಕೋಚ್

ನಮ್ಮೂರು ಉಳ್ಳಾಲದಲ್ಲಿ ನನ್ನ ಬಗ್ಗೆ ಓಡಾಡುತ್ತಿರುವ ಸುದ್ದಿ ಇದು: ಅವಳು ಮಸ್ಕತ್ತಿನಲ್ಲಿ ಫುಟ್‌ಬಾಲ್ ಕೋಚೂ ಅಲ್ಲ, ಮಣ್ಣೂ ಅಲ್ಲ; ಯಾರದೋ ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡಿದ್ದಾಳೆ. ಕೋಚ್ ಆಗಿದ್ದರೆ ಎರಡು ವರ್ಷದಲ್ಲಿ ಒಂದು ಫೋಟೊ ಹಾಕುತ್ತಿರಲಿಲ್ಲವೆ? ಮಕ್ಕಳನ್ನು ನೋಡಿಕೊಳ್ಳುವುದು ಕೀಳು ಕೆಲಸವೆಂದು ಯಾರು ತೀರ್ಮಾನಿಸಿದರು, ಅದು ಬೇರೆ ಪ್ರಶ್ನೆ. ಫೋಟೊ ಇಲ್ಲ, ಆದ್ದರಿಂದ ಕೆಲಸವೂ ಇಲ್ಲ ಎನ್ನುವ ತರ್ಕವನ್ನು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಾದರೆ ಎರಡು ನಿಮಿಷದಲ್ಲಿ ಕೆಡವುತ್ತಿದ್ದೆ.

ಫೋಟೊ ಏಕಿಲ್ಲ ಎಂದು ಹೇಳುತ್ತೇನೆ. ಮಸ್ಕತ್ತಿನ ಅಲ್ ಖೌದ್‌ನ ನಾನು ಕೆಲಸ ಮಾಡುವ ಕಾಲೇಜಿನ ಒಳಾಂಗಣ ಕ್ರೀಡಾಂಗಣಕ್ಕೆ ಮೊದಲ ದಿನ ಹೋದಾಗ ಬಾಗಿಲಲ್ಲಿ ಖರ್ಜೂರದ ಗರಿಯ ಬುಟ್ಟಿಯೊಂದಿತ್ತು, ಅದರ ತುಂಬ ಫೋನುಗಳು. ಕಿಟಕಿಗಳಿಗೆ ಕಪ್ಪು ಕಾಗದ. ಗೋಡೆಯ ಮೊಳೆಗಳಲ್ಲಿ ಸಾಲಾಗಿ ಹುಡುಗಿಯರ ಅಬಾಯಾ ನಿಲುವಂಗಿಗಳು. ಒಳಗೆ ಕೂದಲು ಬಿಟ್ಟುಕೊಂಡು, ಮೊಣಕೈಯಲ್ಲಿ ತಿವಿಯುತ್ತ, ಕಿರುಚುತ್ತ ಆಡುವ ಹುಡುಗಿಯರು. ಹೆಡ್ ಕೋಚ್ ಮರಿಯಂ ಬುಟ್ಟಿಯನ್ನು ನನ್ನ ಕಡೆಗೂ ಚಾಚಿದರು. ಇದು ದಬ್ಬಾಳಿಕೆ ಎಂದು ನಾನು ವಾದ ಹೂಡಿದೆ.

"ಖಲಾಸ್," ಎಂದರು, ಅಲ್ಲಿಗೆ ಮುಗಿಯಿತು ಎನ್ನುವಂತೆ. "ನೀನು ಕಲಿಸ್ಲಿಕ್ಕೆ ಬಂದದ್ದಾ, ವಾದದಲ್ಲಿ ನಮ್ಮನ್ನು ಸೋಲಿಸ್ಲಿಕ್ಕೆ ಬಂದದ್ದಾ?"

ಮಂಗಳೂರಿನಲ್ಲಿ ನಾವು ಬಯಲಲ್ಲಿ ಆಡುತ್ತಿದ್ದೆವು. ಕಟ್ಟೆಯ ಮೇಲೆ ಕೂತವರು ಕೇಳದೆ ವಿಡಿಯೊ ಮಾಡುತ್ತಿದ್ದರು. ಅದನ್ನೇ ಸ್ವಾತಂತ್ರ್ಯ ಎಂದುಕೊಂಡಿದ್ದೆ. ಹಾಗೆಂದು ಇಲ್ಲಿಯದು ಸ್ವರ್ಗ ಎನ್ನುತ್ತಿಲ್ಲ. ಮಗಳು ಆಡುವುದು ಗೊತ್ತೇ ಇಲ್ಲದ ಮನೆಗಳೂ ಇಲ್ಲಿವೆ.

ಅಸಿಸ್ಟೆಂಟ್ ಕೋಚ್ ಎಂದರೆ ಚೆಂಡಿಗೆ ಗಾಳಿ ತುಂಬುವವಳು, ಅಭ್ಯಾಸಕ್ಕೆ ಕೋನ್ ಇಡುವವಳು, ಜೆರ್ಸಿ ಒಗೆಯಲು ಹಾಕುವವಳು. ವಾದಿ ಅದಾಯ್ ಬಡಾವಣೆಯಲ್ಲಿ ಟಯರ್ ಅಂಗಡಿಯ ಮೇಲೆ, ಬಂಟ್ವಾಳದ ವಸಂತಿ ಅಕ್ಕನ ಫ್ಲ್ಯಾಟಿನಲ್ಲಿ ಒಂದು ಕೋಣೆ ನನ್ನದು. ಅಕ್ಕನ ಮಗಳು ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಅಕ್ಕ ನಮ್ಮ ಅಂಜಲ್ ಮೀನನ್ನು ಈಗ ಇಲ್ಲಿಯವರ ಹಾಗೆ ಕನಾದ್ ಎನ್ನುತ್ತಾರೆ. ಅದರ ಪುಳಿಮುಂಚಿ ಸಾರು ಮಾತ್ರ ಬದಲಾಗಿಲ್ಲ.

ಕೋನ್ ಇಡುವುದರಿಂದ ಮೇಲೇರಲು ಕೋಚಿಂಗ್ ಲೈಸೆನ್ಸ್ ಬೇಕು. ಲೈಸೆನ್ಸಿಗೆ, ನಾನು ತಂಡಕ್ಕೆ ಕಲಿಸುತ್ತಿರುವ ಅರ್ಧ ಗಂಟೆಯ, ಎಲ್ಲೂ ಕತ್ತರಿಸದ, ತಿದ್ದದ ವಿಡಿಯೊ ಬೇಕು. ಎಲ್ಲರ ಒಪ್ಪಿಗೆ ಪಡೆದು ನನ್ನ ಫೋನಿಗೆ ಒಂದು ದಿನದ ವಿನಾಯಿತಿ ಗಳಿಸಿದೆ. ಅದನ್ನು ನನ್ನೊಬ್ಬಳ ಕಡೆಗೇ ತಿರುಗಿಸಿಟ್ಟೆ. ಹುಡುಗಿಯರ ಧ್ವನಿ, ಕಾಲು, ಚೆಂಡು ಮಾತ್ರ ಬರಲಿ ಎಂದು. ಮನೆಗೆ ಬಂದು ನೋಡಿದರೆ ಮೂರು ಸೆಕೆಂಡು ಕ್ಯಾಪ್ಟನ್ ಶಂಸಾ ಚೆಂಡಿನ ಹಿಂದೆ ಓಡಿ ಬಂದಿದ್ದಾಳೆ. ಬಿಚ್ಚಿದ ಕೂದಲು, ಪೂರ್ತಿ ಮುಖ.

"ಮೂರು ಸೆಕೆಂಡ್ ಅಲ್ವಾ ಮಾರಾಯ್ತಿ, ಯಾರು ನೋಡ್ತಾರೆ? ಕಳಿಸಿಬಿಡು," ಎಂದರು ಅಕ್ಕ. ಮಾರನೆಯ ಸಂಜೆಯೇ ಕೊನೆಯ ಗಡುವು, ತಪ್ಪಿದರೆ ಇನ್ನೊಂದು ವರ್ಷ. ಕಳಿಸುವುದೇ ಸರಿ ಎಂದು ನಾನೂ ನಾಲ್ಕು ಕಾರಣ ಹೊಂದಿಸಿದೆ. ನಾಲ್ಕೂ ಕಟ್ಟೆಯ ಮೇಲೆ ಕೂತವರದೇ ಮಾತು.

ಬೆಳಿಗ್ಗೆ ಶಂಸಾಳಿಗೆ ತೋರಿಸಿದೆ. ಎರಡು ಸಲ ನೋಡಿದಳು.

"ಪಾಸ್ ಒಳ್ಳೇದಿತ್ತಲ್ಲ ಕೋಚ್," ಎಂದಳು. ಆಮೇಲೆ, "ಅಳಿಸಿ."

ಅವಳೆದುರೇ ಅಳಿಸಿದೆ.

ಸೋತೆನೆಂದು ಉಳ್ಳಾಲದವರು ಬರೆದುಕೊಳ್ಳಬೇಕಿಲ್ಲ. ಲೈಸೆನ್ಸ್ ಕಚೇರಿಗೆ ಪತ್ರ ಬರೆದೆ: ಒಬ್ಬ ಮಹಿಳಾ ಪರೀಕ್ಷಕರನ್ನು ಕಳಿಸಿ; ಅವರು ಫೋನು ಬುಟ್ಟಿಗೆ ಹಾಕಿ, ಕೂತು, ಕಣ್ಣಾರೆ ನೋಡಲಿ. ಕಳೆದ ರಜೆಯಲ್ಲಿ ಮಂಗಳೂರಿನ ಮೈದಾನದಲ್ಲಿ ಯಾರೋ ಹುಡುಗಿಯರತ್ತ ಫೋನ್ ಎತ್ತಿದಾಗ ನನ್ನ ಕೈ ಬುಟ್ಟಿ ಹುಡುಕಿತ್ತು. ಇಲ್ಲಿ ದಿನಾ ಬುಟ್ಟಿಗೆ ಫೋನ್ ಹಾಕುವಾಗ, ಊರಿನವರ ಮುಖಕ್ಕೆ ಹಿಡಿಯಲು ಒಂದೇ ಒಂದು ಫೋಟೊ ಇದ್ದಿದ್ದರೆ ಎನಿಸುತ್ತದೆ.

ಪತ್ರಕ್ಕೆ ಹೆಡ್ ಕೋಚ್ ಸಹಿ ಬೇಕಿತ್ತು. ಯಾರೂ ಬರುವುದಿಲ್ಲ ಎಂದು ಹೇಳುತ್ತಲೇ ಮರಿಯಂ ಸಹಿ ಹಾಕಿದರು. ಅವರ ಹಿಂದಿನ ಗೋಡೆಯಲ್ಲಿ, ಚೌಕಟ್ಟಿನೊಳಗೆ, ಅದೇ ಕಚೇರಿ ಅದೇ ಅರ್ಧ ಗಂಟೆಯ ವಿಡಿಯೊದ ನಿಯಮದಡಿ ಕೊಟ್ಟ ಅವರ ಲೈಸೆನ್ಸ್ ಇತ್ತು. ಅವರು ಕಲಿಸಿದ್ದೆಲ್ಲ ಇದೇ ಒಳಾಂಗಣದಲ್ಲಿ. ಪೆನ್ನು ಹಿಂದಕ್ಕೆ ತೆಗೆದುಕೊಳ್ಳುತ್ತ ಕೇಳಿದೆ:

"ಕೋಚ್, ನಿಮ್ಮ ವಿಡಿಯೊದಲ್ಲಿ ಯಾರೆಲ್ಲ ಇದ್ದರು?"